ಮೊಬೈಲ್ ಆಸೆ ನಿಂತಿತು, ಆಟವೂ ನಿಂತಿತು

ಪ್ರಶ್ನೆ: ಮಗಳಿಗೆ 10 ವರ್ಷ. ಪಿ.ಟಿ. ಪೀರಿಯಡ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು ಅಂತಾಳೆ. ಸಂಜೆ ಹೊರಗೆ ಆಡಿ ಬಂದರೆ ಅರ್ಧ ಗಂಟೆ ಮೊಬೈಲ್ ಕೊಡ್ತೀನಿ ಅಂದೆ. ಕೆಲವು ದಿನ ಹೋದಳು. ಮೊಬೈಲ್ ನಿಲ್ಲಿಸಿದೆ, ಆಟವೂ ನಿಂತಿತು. ಸೋಮಾರಿ ಆಗಿಬಿಟ್ಟಳಾ ಮೇಡಂ?
– ಒಬ್ಬ ತಾಯಿ

ಉತ್ತರ: ದಯವಿಟ್ಟು ಸೋಮಾರಿ ಅನ್ನಬೇಡಿ. ಹೊಟ್ಟೆನೋವು ಬೇರೆ ದಿನವೂ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಪಿ.ಟಿ. ದಿನ ಮಾತ್ರ ಬರುತ್ತೆ ಅಂದರೆ, ಅಲ್ಲಿ ಏನಾಗುತ್ತೆ ಅಂತ ಅವಳನ್ನೇ ಮೆಲ್ಲಗೆ ಕೇಳಿ.

ನಾನು ಪಿ.ಟಿ. ಟೀಚರ್. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದು ಟೀಮ್ ಮಾಡಿಕೊಳ್ಳುವುದನ್ನು ನೋಡಿದ್ದೀರಲ್ವಾ? ಕೊನೆಗೆ ಉಳಿದ ಮಗು ತಲೆ ತಗ್ಗಿಸಿ ಶೂ ತುದಿಯಲ್ಲಿ ಮಣ್ಣು ಕೆದಕುತ್ತಿರುತ್ತೆ. ‘ಇವಳನ್ನ ನೀವೇ ಇಟ್ಕೊಳ್ಳಿ’ ಅನ್ನೋದು ಅವಳ ಕಿವಿಗೂ ಬೀಳುತ್ತೆ. ಆಮೇಲೆ ಓಡೋಕೆ ಮನಸ್ಸಾದರೂ ಹೇಗೆ ಬರಬೇಕು?

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಮನಃಶಾಸ್ತ್ರಜ್ಞರು ಒಳಗಿನಿಂದ ಹುಟ್ಟುವ ಆಸಕ್ತಿಗೆ ಮೂರು ವಿಷಯ ಬೇಕು ಅನ್ನುತ್ತಾರೆ: ಇದು ನನ್ನ ಆಯ್ಕೆ, ನನಗೆ ಇದು ಬರುತ್ತೆ, ಇವರು ನನ್ನವರು. ಮೊಬೈಲ್ ಆಸೆಯಲ್ಲಿ ಈ ಮೂರೂ ಇಲ್ಲ. ಜೊತೆಗೆ, ಆಟ ಅಂದರೆ ಕೂಲಿಗೆ ಮಾಡುವ ಕೆಲಸ ಅನ್ನಿಸಿಬಿಡುತ್ತೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬರೆದರೆ ಬಹುಮಾನ ಕೊಡ್ತೀವಿ ಅಂತ ಮೊದಲೇ ಹೇಳಿದ್ದರು. ಆ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದೇ ಕಡಿಮೆಯಾಯಿತು!

ಹಾಗಾಗಿ ಏನು ಆಡೋದು ಅಂತ ಅವಳೇ ಹೇಳಲಿ. ಸೈಕಲ್, ಸ್ಕಿಪ್ಪಿಂಗ್, ಡಾನ್ಸ್, ಸುಮ್ನೆ ಓಡೋದು, ಎಲ್ಲವೂ ಲೆಕ್ಕಕ್ಕೆ ಬರುತ್ತೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದೇ ಸಲಕ್ಕೆ ಆಗಬೇಕಿಲ್ಲ.

ಚೆಂಡು ಬಂದಾಗ ಅವಳು ಮುಖ ಆಚೆ ತಿರುಗಿಸುತ್ತಾಳಾ, ಗಮನಿಸಿ. ತುಂಬಾ ಮಕ್ಕಳು ಹೀಗೆ ಮಾಡುತ್ತಾರೆ, ಪೆಟ್ಟಾಗುತ್ತೆ ಅನ್ನೋ ಹೆದರಿಕೆ. ದೊಡ್ಡ, ಮೆತ್ತನೆಯ ಚೆಂಡು ತಗೊಂಡು ಎರಡು ಹೆಜ್ಜೆ ದೂರದಿಂದ ಎಸೆಯಿರಿ. ಹಿಡಿಯೋದು ರೂಢಿಯಾದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಬೇರೆ ಯಾರೂ ನೋಡದ ಜಾಗವಾದರೆ ಇನ್ನೂ ಒಳ್ಳೆಯದು.

ಅವಳ ಪಿ.ಟಿ. ಟೀಚರ್ ಜೊತೆಗೂ ಮಾತಾಡಿ. ಅಲ್ಲೂ ಕ್ಯಾಪ್ಟನ್‌ಗಳೇ ಆರಿಸುತ್ತಿದ್ದರೆ, ಅದನ್ನು ಬಿಟ್ಟು ಚೀಟಿ ಎತ್ತಿಸಲು ಕೇಳಿಕೊಳ್ಳಿ. ನಾನು ಹಾಗೇ ಮಾಡುತ್ತೇನೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ, ಅಷ್ಟೇ.