ಸಲಕರಣೆಗಿಂತ ಮೊದಲು ತರಬೇತಿ

ಮೈಸೂರಿನ ತಮ್ಮ ಬಡಾವಣೆಯಲ್ಲಿ ತುರ್ತು ನೆರವಿನ ಸ್ವಯಂಸೇವಕರ ತಂಡ ಕಟ್ಟಲು ಹೊರಟಿರುವ ತಾವು, ಕೂಡಿಸಿದ ಹಣದಲ್ಲಿ ಮೊದಲು ಸಲಕರಣೆ ಕೊಳ್ಳಬೇಕೇ, ತರಬೇತಿ ಕೊಡಿಸಬೇಕೇ ಎಂದು ಕೇಳಿದ್ದೀರಿ. ತರಬೇತಿಯೇ ಮೊದಲಾಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. 1985ರಲ್ಲಿ ಮೆಕ್ಸಿಕೊ ನಗರದಲ್ಲಿ ಭೂಕಂಪವಾದಾಗ ಜನಸಾಮಾನ್ಯರು ಅವಶೇಷಗಳಡಿಯಿಂದ ನೂರಾರು ಮಂದಿಯನ್ನು ಬದುಕಿಸಿದರಾದರೂ, ತರಬೇತಿಯಿಲ್ಲದೆ ಒಳನುಗ್ಗಿದ ಅನೇಕ ಸ್ವಯಂಸೇವಕರು ತಾವೇ ಪ್ರಾಣ ತೆತ್ತರು. ಅದನ್ನು ಕಂಡ ಬಳಿಕವೇ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ಇಲಾಖೆ ನಾಗರಿಕ ತಂಡಗಳಿಗೆ ತರಬೇತಿ ನೀಡುವ ಕ್ರಮವನ್ನು ರೂಪಿಸಿತು. ಮಳೆನೀರು ತುಂಬಿದ ನೆಲಮಾಳಿಗೆಗೆ ಇಳಿಯುವ ಮುನ್ನ ವಿದ್ಯುತ್ ಸಂಪರ್ಕ ಕಡಿತಗೊಂಡಿದೆಯೇ ಎಂದು ಖಾತ್ರಿಪಡಿಸಿಕೊಳ್ಳುವುದು, ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿಹಿಡಿಯುವುದು, ಇವು ಅಭ್ಯಾಸವಿಲ್ಲದೆ ಗಾಬರಿಯ ಹೊತ್ತಿನಲ್ಲಿ ನೆನಪಾಗುವುದಿಲ್ಲ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿ, ವಿಪತ್ತಿನಲ್ಲಿ ನೆರವಾಗಲು ಸ್ವಯಂಸೇವಕರನ್ನು ಸಜ್ಜುಗೊಳಿಸುವ ‘ಆಪದ ಮಿತ್ರ’ ಎಂಬ ಸರ್ಕಾರಿ ಯೋಜನೆಯಡಿ ತರಬೇತಿಗೆ ಅವಕಾಶವಿದೆಯೇ ಎಂದು ವಿಚಾರಿಸಿ. ಹತ್ತಿರದ ಅಗ್ನಿಶಾಮಕ ಠಾಣಾಧಿಕಾರಿಗಳನ್ನೂ ಕಾಣಿ. ಅಷ್ಟರೊಳಗೆ ಒಂಟಿಯಾಗಿ ವಾಸಿಸುವ ಹಿರಿಯರ, ಹಾಸಿಗೆ ಹಿಡಿದವರ ಮನೆಗಳ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಸಿದ್ಧಪಡಿಸಿಕೊಳ್ಳಬಹುದು; ಅದಕ್ಕೆ ಹಣವೇ ಬೇಡ. ಘಟನೆ ನಡೆದೊಡನೆ 112ಕ್ಕೆ ಯಾರು ಕರೆ ಮಾಡಬೇಕು, ಆಂಬುಲೆನ್ಸಿಗೆ ದಾರಿ ತೋರಿಸಲು ತಿರುವಿನಲ್ಲಿ ಯಾರು ನಿಲ್ಲಬೇಕು ಎಂಬುದನ್ನೂ ಈಗಲೇ ಹೆಸರು ಹಿಡಿದು ಗೊತ್ತುಪಡಿಸಿ.