ಒಬ್ಬ ಹುಡುಗಿ ಹೋದರೆ ಲೀಗೂ ಹೋಗುತ್ತಾ?

ಗದಗಿನ ಓದುಗರೊಬ್ಬರು, ನಿವೃತ್ತ ಪಿ.ಟಿ. ಮಾಸ್ತರು, ಬರೆದ ಪತ್ರದ ಸಾರ ಇಷ್ಟು: “ಹೋದ ಸಂಚಿಕೆಯಲ್ಲಿ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗನ್ನು ಭಾರೀ ಹೊಗಳಿದ್ದೀರಿ. ಕೇಟ್ಲಿನ್ ಕ್ಲಾರ್ಕ್ ಅಂತ ಒಬ್ಬ ಹುಡುಗಿ ಬಂದಳು, ಜನ ಬಂದರು. ನಾಳೆ ಆಕೆ ಹೋದರೆ? ಬೆಟಗೇರಿಯಿಂದ ನನ್ನ ಹತ್ತಿರ ಆಡಲು ಬರುವ ಹುಡುಗಿಯ ಅಪ್ಪ, ‘ಇದರಿಂದ ಹೊಟ್ಟೆ ತುಂಬತದೇನ್ರಿ ಮಾಸ್ತರ?’ ಅಂತ ಕೇಳುತ್ತಾರೆ. ಏನು ಹೇಳಲಿ?”

ಮಾಸ್ತರೇ, ನಿಮ್ಮ ಮೊದಲ ಪ್ರಶ್ನೆಗೆ 2025ರಲ್ಲೇ ಉತ್ತರ ಸಿಕ್ಕಿತು. ಗಾಯ ಮಾಡಿಕೊಂಡು ಕ್ಲಾರ್ಕ್ ಆ ವರ್ಷ ಆಡಿದ್ದು 13 ಪಂದ್ಯ ಅಷ್ಟೇ. ಆಕೆ ಇಲ್ಲದ ಪಂದ್ಯಗಳನ್ನು ಟಿವಿಯಲ್ಲಿ ನೋಡುವವರು ಕಡಿಮೆಯಾದರು, ನಿಜ. ಆದರೆ ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಅನ್ನೋ ಹೊಸ ತಂಡ ಹುಟ್ಟಿತು. ಕ್ಲಾರ್ಕ್‌ನಷ್ಟು ಹೆಸರಿದ್ದವರು ಅದರಲ್ಲಿ ಒಬ್ಬರೂ ಇರಲಿಲ್ಲ. ಆದರೂ ತವರಿನ ಪ್ರತಿ ಪಂದ್ಯಕ್ಕೂ 18 ಸಾವಿರ ಸೀಟು ಭರ್ತಿ!

ನನಗೆ ಜಾಸ್ತಿ ಅನುಮಾನ ಇರೋದು ಮಾಲೀಕರ ಮೇಲೆ. ಹ್ಯೂಸ್ಟನ್ ಕಾಮೆಟ್ಸ್ ಅನ್ನೋ ತಂಡದ ಕಥೆ ನೋಡಿ. 1997ರಲ್ಲಿ ಎಂಟು ತಂಡಗಳಿಂದ ಈ ಲೀಗು, ಅಂದರೆ ಡಬ್ಲ್ಯುಎನ್‌ಬಿಎ, ಶುರುವಾದಾಗ ಮೊದಲ ನಾಲ್ಕು ವರ್ಷವೂ ಕಪ್ ಹೊಡೆದದ್ದು ಇದೇ ತಂಡ. ಆಗಿನ ದೊಡ್ಡ ಆಟಗಾರ್ತಿಯರಾದ ಸಿಂಥಿಯಾ ಕೂಪರ್, ಶೆರಿಲ್ ಸ್ವೂಪ್ಸ್, ಟೀನಾ ಥಾಂಪ್ಸನ್ ಮೂವರೂ ಒಂದೇ ಕಡೆ ಇದ್ದರು ಅಂದರೆ ಲೆಕ್ಕ ಹಾಕಿ. 2007ರಲ್ಲಿ ಹಳೆಯ ಮಾಲೀಕರು ಅದನ್ನು ಅದೇ ಊರಿನ ಫರ್ನಿಚರ್ ವ್ಯಾಪಾರಿಯೊಬ್ಬರಿಗೆ ಮಾರಿದರು. ಮರು ವರ್ಷವೇ ಅವರೂ ಮಾರಲು ಇಟ್ಟರು, ಕೊಳ್ಳುವವರು ಬರಲಿಲ್ಲ, 2008ರ ಡಿಸೆಂಬರ್‌ನಲ್ಲಿ ತಂಡ ಬಾಗಿಲು ಹಾಕಿತು. 2000ದಲ್ಲಿ 16 ತಂಡ ಇದ್ದ ಲೀಗು 2010ರ ಹೊತ್ತಿಗೆ 12ಕ್ಕೆ ಇಳಿದಿತ್ತು. ಮೊದಮೊದಲು ಎಬಿಎಲ್ ಅಂತ ಮಹಿಳೆಯರದೇ ಇನ್ನೊಂದು ಲೀಗೂ ಇತ್ತು, ಸಂಬಳ ಚೆನ್ನಾಗಿ ಕೊಡುತ್ತಿತ್ತು. ಮೂರನೇ ಸೀಸನ್ ಮಧ್ಯದಲ್ಲೇ ದಿವಾಳಿ.

ಈಗ ಏನು ಬದಲಾಗಿದೆ ಅಂದರೆ, ದುಡ್ಡು ಮೊದಲೇ ಕೈಗೆ ಬರುವಂತಾಗಿದೆ. 2026ರಿಂದ 11 ವರ್ಷಕ್ಕೆ ಟಿವಿ ಒಪ್ಪಂದ, 220 ಕೋಟಿ ಡಾಲರ್. ಮುಂದೆ ಬರಲಿರುವ ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಫಿಲಡೆಲ್ಫಿಯಾ ತಂಡಗಳವರು ಲೀಗಿನೊಳಗೆ ಕಾಲಿಡೋಕೇ ತಲಾ 25 ಕೋಟಿ ಡಾಲರ್ ಕೊಡಲು ಒಪ್ಪಿದ್ದಾರೆ. ಅಷ್ಟು ಸುರಿದವರು ಎರಡು ವರ್ಷ ಜನ ಬರಲಿಲ್ಲ ಅಂತ ಎದ್ದು ಹೋಗೋದು ಕಷ್ಟ ಅಲ್ವಾ?

ಆಟಗಾರ್ತಿಯರ ಕೈಗೆ ಎಷ್ಟು ಬಂತು ಅನ್ನೋದು ಬೇರೆ ಮಾತು. ಕ್ಲಾರ್ಕ್‌ಗೆ ಮೊದಲ ವರ್ಷ, 2024ರಲ್ಲಿ, ಲೀಗ್ ಕೊಟ್ಟ ಸಂಬಳ 76,535 ಡಾಲರ್. ಅದೇ ಲೀಗಿನ ಹೆಸರಾಂತ ಆಟಗಾರ್ತಿ ಡಯಾನಾ ಟೌರಾಸಿಯದಂತೂ ಇನ್ನೂ ತಮಾಷೆ. ಚಳಿಗಾಲದಲ್ಲಿ ಆಕೆ ಆಡುತ್ತಿದ್ದ ರಷ್ಯಾದ ಕ್ಲಬ್ಬು, 2015ರಲ್ಲಿ ‘ಅಮೆರಿಕದಲ್ಲಿ ಆಡಬೇಡ, ಸುಮ್ನೆ ವಿಶ್ರಾಂತಿ ತಗೋ’ ಅಂತಲೇ ದುಡ್ಡು ಕೊಟ್ಟಿತು. ಆಕೆ ಆ ಸೀಸನ್ ಆಡಲೇ ಇಲ್ಲ. ಲೀಗಿನ ಆಯ್ದ ಆಟಗಾರ್ತಿಯರು ಆಡುವ ಆಲ್-ಸ್ಟಾರ್ ಪಂದ್ಯಕ್ಕೆ 2025ರಲ್ಲಿ ಆಟಗಾರ್ತಿಯರೆಲ್ಲ ‘ನಮಗೆ ಬರಬೇಕಾದ್ದು ಕೊಡಿ’ ಅಂತ ಬರೆದ ಟಿ-ಶರ್ಟ್ ಹಾಕಿಕೊಂಡು ಬಂದದ್ದು ಇದಕ್ಕೇ. ಕೇಳಿದ್ದು ಸರಿಯಾಗೇ ಇದೆ ಅಂತ ನನ್ನ ಲೆಕ್ಕ. ಒಳ್ಳೆಯ ಆಟಗಾರ್ತಿಯರು ಹೊಟ್ಟೆಪಾಡಿಗೆ ದೇಶ ಬಿಟ್ಟು ಹೋಗುವ ಲೀಗನ್ನು ಗಟ್ಟಿ ಅಂತ ಹೇಗೆ ಹೇಳೋದು?

ಇನ್ನು ಬೆಟಗೇರಿಯ ಅಪ್ಪನ ಪ್ರಶ್ನೆ. ನಮ್ಮಲ್ಲಿ ಹುಡುಗಿಯರ ಕ್ರಿಕೆಟ್ಟಿಗೆ ಡಬ್ಲ್ಯುಪಿಎಲ್ ಇದೆ. 2023ರಲ್ಲಿ ಒಂದು ಬಾಲ್ ಹಾಕುವ ಮೊದಲೇ ಐದು ವರ್ಷದ ಪ್ರಸಾರ ಹಕ್ಕು 951 ಕೋಟಿ ರೂಪಾಯಿಗೆ ಹೋಗಿತ್ತು. (ಆರ್‌ಸಿಬಿಗೆ ಮೊದಲ ಕಪ್ ತಂದವರೂ ಹುಡುಗಿಯರೇ, ಇರಲಿ.) ಬ್ಯಾಸ್ಕೆಟ್‌ಬಾಲಿಗೆ ಅಂಥದ್ದು ಇಲ್ಲ. ನಮ್ಮ ಮಹಿಳಾ ತಂಡ 2017ರಲ್ಲಿ ಬೆಂಗಳೂರಿನಲ್ಲೇ ಏಷ್ಯಾ ಕಪ್ ‘ಬಿ’ ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿತ್ತು. ಎಷ್ಟು ಜನಕ್ಕೆ ನೆನಪಿದೆ?

ನಮ್ಮಲ್ಲಿ ಈ ಆಟವನ್ನು ಹಿಡಿದು ನಿಲ್ಲಿಸಿರೋದು ರೈಲ್ವೆ ನೌಕರಿ. ಅನಿತಾ ಪಾಲ್‌ದುರೈ ಗೊತ್ತಲ್ಲ, ಭಾರತದ ನಾಯಕಿಯಾಗಿದ್ದವರು, 2021ರಲ್ಲಿ ಪದ್ಮಶ್ರೀ ಬಂತು. ಅವರೂ ದಕ್ಷಿಣ ರೈಲ್ವೆಯ ನೌಕರರೇ. ತಿಂಗಳ ಸಂಬಳ ಬರುತ್ತೆ, ಮೊಣಕಾಲು ಹೋದರೂ ಕೆಲಸ ಉಳಿಯುತ್ತೆ. ಕಾಮೆಟ್ಸ್ ಹುಡುಗಿಯರಿಗೆ ಇದು ಸಿಕ್ಕಿರಲಿಲ್ಲ.

ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯ ಗದಗ ರಸ್ತೆಯಲ್ಲೇ ಇದೆ, ನಿಮಗೆ ದೂರದ ಮಾತಲ್ಲ. ಆದರೆ ಆಟಗಾರರಿಗೆ ನೌಕರಿ ಕೊಡುವ ಕ್ರೀಡಾ ಕೋಟಾದಲ್ಲಿ ಪ್ರತಿ ವರ್ಷ ಎಲ್ಲ ಆಟಕ್ಕೂ ಜಾಗ ಇರಲ್ಲ, ವಯಸ್ಸಿನ ಮಿತಿಯೂ 18ರಿಂದ 25. ಊರಿನ ಟೂರ್ನಮೆಂಟಿನ ಕಪ್ಪುಗಳು ಅಲ್ಲಿ ನಡೆಯಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಗಳ ಸಾಧನೆ ಕೇಳುತ್ತಾರೆ. ಅದಕ್ಕೇ ಹುಡುಗಿಯನ್ನು ಪಿಯುಸಿ ಮುಗಿದ ಮೇಲೆ ಡಿಗ್ರಿಗೆ ಹಾಕಲೇಬೇಕು, ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಕಳಿಸಲೇಬೇಕು. ಅವರಪ್ಪನಿಗೆ ಮೊದಲು ಇದನ್ನು ಹೇಳಿ, ಅಮೆರಿಕದ ಕಥೆ ಆಮೇಲೆ.

– ಸಂ.