ಫೋನಲ್ಲೇ ಕೊಲಾಜ್ ಮಾಡಿ ಕಥೆ ಹೇಳೋದು ಹೇಗೆ?

ಅಮ್ಮನ 60ನೇ ಹುಟ್ಟುಹಬ್ಬಕ್ಕೆ ಫೋನಲ್ಲೇ ಒಂದು ಕೊಲಾಜ್ ಮಾಡ್ಬೇಕು, ಆದ್ರೆ ಮಾಡಿದಾಗೆಲ್ಲ ಬರೀ ಫೋಟೋ ಗುಡ್ಡೆ ಹಾಕಿದ ಹಾಗೆ ಕಾಣತ್ತೆ ಅಂತ ಕೇಳಿದೀರ. ನನಗೆ ಇದು ಅರ್ಥ ಆಗಿದ್ದು ಬಸವನಗುಡಿಲಿದ್ದ ನಮ್ಮ ತಾತನ ಮನೆ ಕೆಡವೋವಾಗ, ಅದನ್ನೇ ಹೇಳ್ತೀನಿ.

ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಮಂಗಳೂರು ಹೆಂಚು, ಮುಂದೆ ಜಗಲಿ. 1898ರ ಪ್ಲೇಗ್ ಆದ್ಮೇಲೆ ಬೆಳೆದ ಏರಿಯಾ ಇದು, ನಾನು ಚಿಕ್ಕವನಿದ್ದಾಗ ನಮ್ಮ ರೋಡಲ್ಲಿ ಅಂಥ ಮನೆಗಳು ಸಾಲಾಗಿದ್ವು, ಈಗ ಹುಡುಕ್ಬೇಕು. ಖಾಲಿ ಮಾಡೋ ವಾರ ಸಿಕ್ಕಿದ್ದೆಲ್ಲ ತೆಗೆದು ಇನ್ನೂರು ಚಿಲ್ಲರೆ ಫೋಟೋ ಆಗಿತ್ತು. ಒಂಬತ್ತು ಆರಿಸಿ ಮೂರು ಸಾಲು ಚೌಕ ಹಾಕಿ ಮನೆಯವರ ಗ್ರೂಪಿಗೆ ಕಳಿಸಿದೆ, ಯಾರೂ ಏನೂ ಹೇಳ್ಲಿಲ್ಲ. ಆಮೇಲೆ ನಾನೇ ಕೂತು ನೋಡಿದಾಗ ಗೊತ್ತಾಯ್ತು, ಎಲ್ಲಾ ಒಂದೇ ಸೈಜು, ಎಲ್ಲಾ ಬಾಗಿಲಲ್ಲಿ ನಿಂತು ತೆಗೆದ ರೂಮುಗಳು, ಕಣ್ಣು ಎಲ್ಲಿಂದ ಶುರು ಮಾಡ್ಬೇಕು?

ಎರಡನೇ ಸಲ ಬರೀ ಐದು ಇಟ್ಕೊಂಡೆ. ಮೇಲೆ ದೊಡ್ಡದಾಗಿ ಗೇಟಿಂದ ಕಾಣೋ ಇಡೀ ಮನೆ, ಅದೇ ಫೋಟೋಲಿ ಪಕ್ಕಕ್ಕೆ ಸಾಮಾನು ತುಂಬಿದ ಲಾರಿ. ಅದರ ಕೆಳಗೆ ಬಾಗಿಲ ಚೌಕಟ್ಟು, ಅದರ ಮೇಲೆ ಪೆನ್ಸಿಲಲ್ಲಿ ಮಕ್ಕಳ ಎತ್ತರ ಗುರುತು ಮಾಡಿದ ಗೆರೆಗಳು, ಅತ್ತೆದು ಒಂದು, ಸ್ವಲ್ಪ ಮೇಲೆ ಅತ್ತೆ ಮಗಳದ್ದು. ಆಮೇಲೆ ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಉಳಿದ ತಿಳಿ ಬಣ್ಣದ ಚೌಕ. ನಾಲ್ಕನೇದು ಅಜ್ಜಿ ಕೈ. ಮನೇಲಿ ಏನೂ ಉಳಿದಿರ್ಲಿಲ್ಲ, ಲಾರಿಯವನು ಹಾರ್ನ್ ಹೊಡೀತಿದ್ದ, ಆದ್ರೂ ಅಜ್ಜಿ ಹೊಸಿಲು ಒರೆಸಿ ರಂಗೋಲಿ ಎಳೀತಾ ಕೂತಿದ್ರು. ಮುಖ ಇಲ್ಲ, ಎರಡು ಬೆರಳು ಮತ್ತೆ ಅದರ ಮಧ್ಯದಿಂದ ಉದುರೋ ಬಿಳಿ ಪುಡಿ ಅಷ್ಟೇ. ಕೊನೇದು ಮಂಚದ ನಾಲ್ಕು ಕಾಲು ಊರಿದ ಗುರುತು ಇರೋ ಕೆಂಪು ನೆಲ. ರಾತ್ರಿ ಮೈಸೂರಿಂದ ಅತ್ತೆ ಫೋನ್ ಮಾಡಿ "ಆ ಕೆಳಗಿನ ಗೆರೆ ನಂದು ಕಣೋ" ಅಂದ್ರು, ಆಮೇಲೆ ತುಂಬಾ ಹೊತ್ತು ಮಾತೇ ಆಡ್ಲಿಲ್ಲ.

ಹಾಗಾಗಿ ಮೊದಲು ಆಪ್ ಓಪನ್ ಮಾಡ್ಬೇಡಿ, ಅಮ್ಮನ ಬಗ್ಗೆ ಒಂದೇ ಒಂದು ವಾಕ್ಯ ಬರ್ಕೊಳ್ಳಿ, ಉದಾಹರಣೆಗೆ ಅಮ್ಮ ಹೊಲಿಗೆ ಹಾಕಿ ನಮ್ಮನ್ನ ಓದಿಸಿದ್ರು ಅಂತ ಇದ್ರೆ, ಅದಕ್ಕೆ ಸೇರದ ಫೋಟೋ ಎಷ್ಟೇ ಚೆನ್ನಾಗಿದ್ರೂ ಪಕ್ಕಕ್ಕಿಡಿ. ದೂರದ್ದು ಒಂದು, ಹತ್ತಿರದ್ದು ಎರಡು ಮೂರು ಇರ್ಲಿ, ಕೈ, ಕತ್ತರಿ, ಸೂಜಿ ಹಿಡಿದು ಗಟ್ಟಿಯಾದ ಬೆರಳು. ನಾವು ಓದೋದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಫೋಟೋನೂ ಅದೇ ಆರ್ಡರಲ್ಲಿ ಜೋಡಿಸಿ. ನಮ್ಮದರಲ್ಲಿ ನೆಲದ ಕೆಂಪು ಮೂರು ಫೋಟೋಲಿ ಬಂದಿದ್ದಕ್ಕೆ ಐದೂ ಒಂದೇ ಮನೇದು ಅನ್ನಿಸ್ತು, ನಿಮ್ಮದರಲ್ಲೂ ಒಂದು ಬಣ್ಣ ಸಿಕ್ಕೇ ಸಿಗತ್ತೆ ನೋಡಿ. ಒಂದೊಂದಕ್ಕೆ ಒಂದೊಂದು ಫಿಲ್ಟರ್ ಹಾಕಿದ್ರೆ ಅದು ಹೋಗ್ಬಿಡತ್ತೆ.

ಹಳೇ ಆಲ್ಬಮ್ಮಿನ ಫೋಟೋ ಬೇಕಂದ್ರೆ ಪ್ಲಾಸ್ಟಿಕ್ ಹಾಳೆಯಿಂದ ಹುಷಾರಾಗಿ ಹೊರಗೆ ತೆಗೆದು, ಕಿಟಕಿ ಬೆಳಕಲ್ಲಿ ಫ್ಲಾಶ್ ಇಲ್ದೆ ಕ್ಲಿಕ್ ಮಾಡಿ. ಆಪ್ ಯಾವುದಾದ್ರೂ ನಡೆಯತ್ತೆ, ಗೂಗಲ್ ಫೋಟೋಸಲ್ಲೇ ಆರು ಫೋಟೋ ತನಕ ಹಾಕ್ಬಹುದು, ಒಂದು ದೊಡ್ಡದು ಉಳಿದಿದ್ದು ಚಿಕ್ಕದು ಬೇಕಂದ್ರೆ ಕ್ಯಾನ್ವಾ. ಕಳಿಸೋವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾಂದ್ರೆ ಕ್ವಾಲಿಟಿ ಇಳಿಯತ್ತೆ. 8×10 ಇಂಚು ಪ್ರಿಂಟ್ ಚೆನ್ನಾಗಿ ಬರೋಕೆ 2400×3000 ಪಿಕ್ಸೆಲ್ ಬೇಕು, ಶುರುನಲ್ಲೇ ಆ ಸೈಜ್ ಇಟ್ಕೊಂಡು ಮಾಡಿ.